ಎರಡನೆಯ ಸಾಲಿನ ನಾಲ್ಕು ಮಾತ್ರೆ

ತ್ಯಾಮಗೊಂಡ್ಲು, ೨೧-೧೧-೧೯೬೭, ಮಂಗಳವಾರ

ಪಕ್ಕದ ಮನೆಯ ಮುನಿತಾಯಮ್ಮನ ಬೀಸುವ ಹಾಡು ವಾರದಿಂದ ಕಾಡುತ್ತಿತ್ತು.

ಬೀಸುವ ಕಲ್ಲೇ ಮೆಲ್ಲಗೆ ತಿರುಗೇ
ಕೂಸಿನ ಕಣ್ಣಿಗೆ ನಿದ್ದೇ

ಪ್ರಾಸ ಸರಿ, ಆದರೆ ಎರಡನೆಯ ಸಾಲಿಗೆ ನಾಲ್ಕು ಮಾತ್ರೆ ಕಡಿಮೆ. ಓದು ಬಾರದವಳ ತಪ್ಪೆಂದು ನಾನೇ ಕೊನೆಗೆ ‘ಬಂತೇ’ ಸೇರಿಸಿ, ಪತ್ರಿಕೆಗೆ ಲೇಖನ ಬರೆದಿಟ್ಟಿದ್ದೆ. ಸಂಜೆ ಓದಿ ಹೇಳಿದರೆ ಆಕೆ ನಕ್ಕುಬಿಟ್ಟಳು.

“ಅಲ್ಲೂ ಹಾಡ್ತಾ ಕುಂತ್ರೆ ಕಲ್ಲಿಗೆ ರಾಗಿ ಹಾಕೋದು ಯಾವಾಗ ಮೇಷ್ಟ್ರೇ?”

ಬೀಸಿಯೇ ತೋರಿಸಿದಳು. ‘ನಿದ್ದೇ’ ಎಂದಲ್ಲಿ ಹಾಡು ನಿಂತಿತು, ಒಂದು ಹಿಡಿ ರಾಗಿ ಬಿತ್ತು, ಕಲ್ಲು ಒಂದು ಸುತ್ತು ತಿರುಗಿತು. ಬೆರಳಲ್ಲಿ ಎಣಿಸಿದೆ. ಸರಿಯಾಗಿ ನಾಲ್ಕು! ಪ್ರತಿ ಸಲವೂ ನಾಲ್ಕು! ಖುಷಿಗೆ ಕೂಗಿಯೇಬಿಟ್ಟೆ.

ಲೇಖನ ಹರಿದು ಹಾಕಿದೆ. ಆಕೆಯ ಹೆಸರು ಹಾಕಿ ಹೊಸದಾಗಿ ಬರೆಯಬೇಕು. ಆಕೆಗೆ ನಾಟಿಯ ಹಾಡೂ ಬರುತ್ತದಂತೆ. ಕೆಸರಿನಿಂದ ಕಾಲು ಕಿತ್ತು ಹಿಂದಿಡುವುದಕ್ಕೆ ಅದರಲ್ಲಿ ಎಷ್ಟು ಮಾತ್ರೆ ಬಿಟ್ಟಿರಬಹುದು…