ಬೀಳುವ ಮೊದಲೇ ಬಂದ ನಗು

ಜೂನ್ 3, ಮಧ್ಯಾಹ್ನ

ಸ್ಟೇಜಿನ ಲೈಟುಗಳನ್ನೆಲ್ಲ ಒರೆಸಿದ್ದಾಯಿತು. ಎಡಮೂಲೆಯದರ ಬಲ್ಬು ಮತ್ತೆ ಸುಟ್ಟಿದೆ. ಏಣಿ ಹತ್ತಿ ಮೇಲಿನ ಗೂಡಿಗೆ ಬಂದು ಲೈಟು ನಡೆಸುವ ಬೋರ್ಡಿನ ಮುಂದೆ ಕೂತೆ. ಪಕ್ಕದಲ್ಲಿ ಅಕ್ಕನ ಮರದ ಕುರ್ಚಿ. ಯಾರೋ ಅದರ ಮೇಲೆ ವೈರಿನ ಸುರುಳಿ ಇಟ್ಟಿದ್ದರು. ತೆಗೆದು ನೆಲಕ್ಕಿಟ್ಟೆ.

ಹುಟ್ಟಿನಿಂದ ಕಣ್ಣು ಕಾಣದವಳು. ನಮ್ಮ ತಂಡದ ಒಂದು ನಾಟಕವನ್ನೂ ಬಿಟ್ಟವಳಲ್ಲ. ಇಲ್ಲೇ ಕೂರುತ್ತಿದ್ದಳು. ನಾನು ಲೈಟು ನೋಡಿಕೊಳ್ಳುತ್ತ ಅವಳ ಕಿವಿಯಲ್ಲಿ ಹೇಳುತ್ತಿದ್ದೆ — ಯಾರು ಬಂದರು, ಎಲ್ಲಿ ನಿಂತರು. ಏಣಿಯನ್ನು ನನಗಿಂತ ಬೇಗ ಹತ್ತುತ್ತಿದ್ದಳು. "ಕಣ್ಣಿರೋನೂ ನೀನೇ, ಎಡವೋನೂ ನೀನೇ." ಕೂತ ಕೂಡಲೇ ಶುರು — "ಆಯ್ತೇನೋ? ಶುರುವಾಯ್ತೇನೋ?" ಪ್ರಾಣ ತಿನ್ನುತ್ತಿದ್ದಳು.

ಫೆಬ್ರವರಿಯಲ್ಲಿ ಹೋಗಿಬಿಟ್ಟಳು. ಈಗ ಹಾಗೆ ಕೇಳುವವರಿಲ್ಲ.

ಜೂನ್ 5

ನಿರ್ದೇಶಕಿ ಮೇಡಂ ಕರೆದರು. ಹೊಸ ನಾಟಕಕ್ಕೆ ಕಣ್ಣು ಕಾಣದವರನ್ನೂ ಕರೆಯಬೇಕಂತೆ. ಅವರ ಕಿವಿಗೆ ಹೆಡ್‌ಫೋನ್. ಸ್ಟೇಜಿನ ಮೇಲೆ ಕಾಣುವುದನ್ನು ಒಬ್ಬರು ಮೈಕಿನಲ್ಲಿ ಮೆಲ್ಲಗೆ ಹೇಳುವುದು.

"ಅದನ್ನ ನೀವೇ ಮಾಡ್ಬೇಕು ಅಣ್ಣಾ. ನಿಮ್ಮಕ್ಕಂಗೆ ಅಷ್ಟು ವರ್ಷ ಹೇಳಿದೀರಲ್ಲ."

"ಅದು ಅಕ್ಕಂಗೆ" ಅಂದೆ. ಆಗಲ್ಲ ಅಂತ ಹೇಳಿ ಮನೆಗೆ ಬಂದೆ. ಊಟ ಸೇರಲಿಲ್ಲ.

ಜೂನ್ 6

ಅಕ್ಕನ ಕುರ್ಚಿಯ ಮೇಲೆ ಮತ್ತೆ ಅದೇ ವೈರಿನ ಸುರುಳಿ. ಖಾಲಿ ಜಾಗ ಅಂದರೆ ಎಲ್ಲರಿಗೂ ಸಾಮಾನಿಡುವ ಜಾಗ.

ಕೆಳಗಿಳಿದು ಹೋಗಿ ಮೇಡಂಗೆ ಹೂಂ ಅಂದೆ.

ಜೂನ್ 14, ಸಂಜೆ

ಹೆಡ್‌ಫೋನ್ ಹಾಕಿಕೊಂಡು ಮೊದಲ ತಾಲೀಮು ನೋಡಲು ಒಬ್ಬ ಸಂಗೀತದ ಟೀಚರ್ ಬಂದಿದ್ದರು, ಜೊತೆಗೆ ಅವರ ಗೆಳತಿಯರು. ಯಾರಿಗೂ ಕಣ್ಣು ಕಾಣದು. ಟೀಚರ್ ಬಾಯಿ ಜೋರು.

ನಾಟಕದಲ್ಲಿ ನಮ್ಮ ಹಾಸ್ಯನಟ ಗಡಿಗೆಯಣ್ಣ ಮುರುಕು ಸ್ಟೂಲಿನ ಮೇಲೆ ಕೂತು ಬೀಳಬೇಕು. (ಹೊಟ್ಟೆ ನೋಡಿ ಇಟ್ಟ ಹೆಸರು. ಅವನಿಗೂ ಒಪ್ಪಿಗೆ.) ಅವನು ಗತ್ತಿನಿಂದ ಬಂದ, ಕೂರಲು ಬಗ್ಗಿದ... ಹಿಂದೆ ಹೆಡ್‌ಫೋನಿನವರ ಸಾಲಿನಲ್ಲಿ ಗೊಳ್ಳನೆ ನಗು. ಅವನು ಅರ್ಧ ಬಗ್ಗಿದವನು ಹಾಗೇ ನಿಂತ.

"ಯಾಕ್ರೀ ನಗ್ತೀರಾ? ನಾನಿನ್ನೂ ಕೂತೇ ಇಲ್ಲ!"

ತಪ್ಪು ನನ್ನದೇ. ಬಿದ್ದ ಅಂತ ಮೊದಲೇ ಹೇಳಿಬಿಟ್ಟಿದ್ದೆ. ಲೈಟಿನವನ ಕೈ ಯಾವಾಗಲೂ ಒಂದು ಉಸಿರು ಮುಂದಿರಬೇಕು. ನಟ ಬೀಳುವ ಜಾಗಕ್ಕೆ ಬೆಳಕು ಮೊದಲೇ ಹೋಗಿ ಕಾಯಬೇಕು. ಕೈ ಹೋದ ಕಡೆ ನಾಲಗೆಯೂ ಓಡಿತು.

ಅಕ್ಕನಿಗೂ ಹೀಗೇ ಹೇಳುತ್ತಿದ್ದೆ. ಅವಳೂ ಎಲ್ಲರಿಗಿಂತ ಮೊದಲೇ ನಗುತ್ತಿದ್ದಳು. ಗೂಡಿನೊಳಗೆ ಅದು ಯಾರಿಗೂ ಕೇಳಿಸುತ್ತಿರಲಿಲ್ಲ, ಅಷ್ಟೆ.

ಜೂನ್ 17

ಇವತ್ತು ನಾಲಗೆ ಬಿಗಿ ಹಿಡಿದೆ. ಜೊತೆಗೆ ಲೈಟಿನ ಮೇಲಿದ್ದ ಕೈಯೂ ನಿಂತಿತು. ಗಡಿಗೆಯಣ್ಣ ಕತ್ತಲಲ್ಲಿ ಧೊಪ್ಪೆಂದ.

ಎದ್ದವನು ಮೇಡಂ ಹತ್ತಿರ ಹೋದ. "ನಗುವೇ ನನ್ನ ಹೊಟ್ಟೆಪಾಡು ಮೇಡಂ. ಆವತ್ತು ಬೀಳೋಕೆ ಮುಂಚೆನೇ ನಕ್ರು. ಇವತ್ತು ಬಿದ್ದಿದ್ದು ಯಾರಿಗೂ ಕಾಣ್ಲೇ ಇಲ್ಲ. ಸೊಂಟ ಮಾತ್ರ ನಂದು!"

ಶನಿವಾರದ ತಾಲೀಮೂ ಹೀಗಾದರೆ ಹೆಡ್‌ಫೋನ್ ಕೈಬಿಡೋಣ ಅಂದರು ಮೇಡಂ. ಕೋಪವಿರಲಿಲ್ಲ. ಅದಕ್ಕೇ ಹೆಚ್ಚು ಚುಚ್ಚಿತು.

"ಹೋಗ್ಲಿ ಬಿಡಿ. ಮನೇಲಿ ರೇಡಿಯೋ ಇದೆ" ಅಂತ ಟೀಚರ್ ನಗುತ್ತಲೇ ಮಡಚಿಟ್ಟಿದ್ದ ಕೋಲು ಬಿಚ್ಚಿಕೊಂಡು ಹೊರಟರು. ಬಾಗಿಲವರೆಗೂ ಜೊತೆಗೆ ಹೋದೆ.

ಜೂನ್ 18

ಟಿಕೆಟ್ ಕೌಂಟರಿನ ಹುಡುಗಿ ತನ್ನ ಗಾಲಿಕುರ್ಚಿಯ ಚಕ್ರ ತಳ್ಳಿಕೊಂಡು ಏಣಿಯ ಬುಡಕ್ಕೆ ಬಂದಳು. ಅಲ್ಲಿಂದಲೇ ಕೂಗಿದಳು.

"ಅಣ್ಣಾ, ಲೈಟು ನಂಗೆ ಕೊಡಿ. ನೀವು ಬರೀ ನೋಡಿ, ಹೇಳಿ. ಕೈ ಸುಮ್ನಿದ್ರೆ ಬಾಯಿ ಯಾಕೆ ಓಡುತ್ತೆ?"

ಲೈಟು ಕಲಿಯುವ ಆಸೆ ಅವಳಿಗೆ ಕೆಲಸಕ್ಕೆ ಸೇರಿದ ದಿನದಿಂದಲೂ ಇದೆ. ಏಣಿ ಹೇಗಮ್ಮಾ ಹತ್ತುತ್ತೀಯ ಅಂದೆ.

"ನಾನ್ಯಾಕೆ ಹತ್ಲಿ? ಬೋರ್ಡ್‌ಗೆ ಇಳಿಯೋಕೆ ಏನು ಧಾಡಿ?"

ಇಷ್ಟು ವರ್ಷ ಹೊಳೆದೇ ಇರಲಿಲ್ಲ. ವೈರು ಬೇಕಾದಷ್ಟಿದೆ — ಅದೇ ಸುರುಳಿ.

ನೋಡೋಣ ಅಂದೆ. ಗೂಡು ಬಿಡುವುದು ಅಂದರೆ ಅಕ್ಕನನ್ನು ಇನ್ನೊಂದು ಸಲ ಕಳಿಸಿಕೊಟ್ಟ ಹಾಗೆ. ಅದನ್ನು ಈ ಹುಡುಗಿಗೆ ಹೇಗೆ ಹೇಳಲಿ.

ಜೂನ್ 20

ಬೋರ್ಡು ಇಳಿಸಿದೆವು. ಹಾಲಿನ ಹಿಂದೆ ಒಂದು ಸಾಲು ಸೀಟು ತೆಗೆದು ಜಾಗ ಮಾಡಿದೆವು. ಬೋರ್ಡಿನ ಇನ್ನೊಂದು ತುದಿ ಹಿಡಿದವನು ಗಡಿಗೆಯಣ್ಣನೇ. "ಈಗ ಬಿದ್ರೆ ಮಾತ್ರ ಯಾರಾದ್ರೂ ನಕ್ಕೀರಿ, ಜೋಕೆ!"

ಅಕ್ಕನ ಕುರ್ಚಿಯನ್ನು ನಾನೇ ಹೆಗಲ ಮೇಲಿಟ್ಟು ತಂದೆ. ಮೈಕಿನ ಮುಂದೆ ಇಟ್ಟೆ. ಬೇರೆ ಕುರ್ಚಿ ಇರಲಿಲ್ಲವೆಂದಲ್ಲ.

ಮೊದಲ ಸಲ ಅದರಲ್ಲಿ ಕೂತೆ. ಒಂದು ಕಾಲು ಗಿಡ್ಡ. ಅಕ್ಕ ಯಾವತ್ತೂ ಹೇಳಲೇ ಇಲ್ಲವಲ್ಲ.

ಜೂನ್ 21, ಶನಿವಾರ

ಕೈಗಳು ತುರಿಸಿದವು. ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಪಕ್ಕದಲ್ಲಿ ಹುಡುಗಿ, ತುಟಿ ಕಚ್ಚಿಕೊಂಡು, ಬೋರ್ಡಿನ ಮೇಲೆ ಬೆರಳು. ಒಂದೆರಡು ಕಡೆ ತಡ ಮಾಡಿದಳು. ಕಲಿಯುತ್ತಾಳೆ.

"ಸ್ಟೂಲಿನ ಒಂದು ಕಾಲು ಅಲುಗಾಡುತ್ತಿದೆ" ಅಂದೆ ಮೈಕಿಗೆ. "ಅವನು ನೋಡಿಲ್ಲ. ಕೋಟು ಎಳೆದುಕೊಂಡ. ಮೀಸೆ ತಿರುವಿದ. ಬಗ್ಗಿದ..."

ಬಾಯಿ ಮುಚ್ಚಿದೆ.

ಬಿದ್ದ ಸದ್ದು ಅವರಿಗೇ ಕೇಳಿತು. ನಾನು ಹೇಳಬೇಕಾಗೇ ಇರಲಿಲ್ಲ. ಕಣ್ಣಿದ್ದವರು, ಇಲ್ಲದವರು, ಎಲ್ಲ ಒಟ್ಟಿಗೆ ನಕ್ಕರು. ಗಡಿಗೆಯಣ್ಣ ನೆಲ ಬಿಟ್ಟು ಏಳಲೇ ಇಲ್ಲ. "ಇರಿ, ಇನ್ನೂ ಸ್ವಲ್ಪ ಮಲಗಿರ್ತೀನಿ. ಹಿತವಾಗಿದೆ."

ಹೆಡ್‌ಫೋನ್‌ಗಳನ್ನು ಪೆಟ್ಟಿಗೆಗೆ ವಾಪಸ್ ಹಾಕಲು ಹೊರಟ ನನ್ನನ್ನು ಮೇಡಂ ತಡೆದರು. "ಇರ್ಲಿ ಅಣ್ಣಾ, ಇಲ್ಲೇ ಇರ್ಲಿ. ದಿನಾ ಬೇಕಲ್ಲ."

ಟೀಚರ್ ಸುಮ್ಮನೆ ಹೊಗಳುವವರಲ್ಲ. "ಒಂದು ಮಾತು. ಕೊನೇಲಿ ಅವನಿಗೆ ಬೇಜಾರಾಯ್ತು ಅಂದ್ರಲ್ಲ, ಅದು ಬೇಡ. ಮುಖ ಏನ್ ಮಾಡ್ತು ಹೇಳಿ. ಬೇಜಾರು ನಾವೇ ಮಾಡ್ಕೋತೀವಿ."

ಮನೆಗೆ ಬಂದು ಎರಡು ಸಲ ಬಡಿಸಿಕೊಂಡು ಉಂಡೆ.

ಜುಲೈ 5, ಸಂಜೆ, ಹಾಲಿನಲ್ಲೇ

ಮೊದಲ ಪ್ರದರ್ಶನ. ಬಾಗಿಲು ತೆಗೆಯುವ ಮುಂಚೆ ಟೀಚರನ್ನೂ ಅವರ ಕಡೆಯವರನ್ನೂ ಸ್ಟೇಜಿನ ಮೇಲೆ ಕರೆದುಕೊಂಡು ಹೋದೆ. ಬಾಗಿಲು, ಮೇಜು, ಕೋಟು ಎಲ್ಲ ಮುಟ್ಟಿ ನೋಡಿದರು. ಟೀಚರ್ ಸ್ಟೂಲಿನ ಕಾಲು ಅಲ್ಲಾಡಿಸಿದರು. "ಪಾಪ, ಇದರ ಮೇಲೇನಾ ಅಷ್ಟು ಭಾರ?" ಗಡಿಗೆಯಣ್ಣ ತನ್ನ ಮೀಸೆಯನ್ನೂ ಮುಟ್ಟಿಸಿದ. ಅಂಟು ಒಣಗಿರಲಿಲ್ಲ. ಬೆರಳಿಗೇ ಬಂತು.

ಹಾಲು ತುಂಬಿದೆ. ನನ್ನ ಮುಂದಿನ ಸಾಲಿನಲ್ಲೇ ಯಾರೋ ಒಬ್ಬ ಹೆಂಗಸು, ಹೆಡ್‌ಫೋನ್ ಒತ್ತಿ ಹಿಡಿದುಕೊಂಡು ಪಕ್ಕದವರನ್ನು ಕೇಳಿದಳು — "ಆಯ್ತಾ? ಶುರುವಾಯ್ತಾ?"

ಪೆನ್ನು ಕೆಳಗಿಟ್ಟೆ.

ಮೈಕು ಒತ್ತಿ ಇನ್ನೂ ಇಲ್ಲ ಅಂದೆ. ಮೂರನೇ ಬೆಲ್ ಆಗಬೇಕು ಅಂದೆ. ಅವಳು ತಲೆಯಾಡಿಸಿ ಹಿಂದಕ್ಕೆ ಒರಗಿದಳು.

ಬೆಲ್ ಆಯಿತು. ಹಾಲಿನಲ್ಲಿ ಕತ್ತಲು. ಬೋರ್ಡಿನ ಸಣ್ಣ ದೀಪದಲ್ಲಿ ಬರೆಯುತ್ತಿದ್ದೇನೆ. ಹುಡುಗಿಯ ಬೆರಳು ಬೋರ್ಡಿನ ಮೇಲಿದೆ. ಪರದೆ ಅಲುಗಿತು... ಹೇಳಬಾರದು, ಬೆಳಕಿನ್ನೂ ಬಂದಿಲ್ಲ. ಇರು ಅಕ್ಕಾ, ಇರು — ಈಗ