ನಿಮ್ಮ ಹಳದಿ ಯಂತ್ರ

ಲೊರೇನ್ ಅತ್ತೆ,

ಹಿಟ್ಟು ಕಲಸುವ ನಿಮ್ಮ ಹಳದಿ ಯಂತ್ರ ಇವತ್ತು ಬೆಳಿಗ್ಗೆ ಸುಟ್ಟುಹೋಯಿತು. ನಾನೇ ಸುಟ್ಟೆ. ನೀವು ಮಣ್ಣು ಸೇರಿ ಎಂಟು ತಿಂಗಳಾಗಿದೆ, ಆದರೂ ನಿಮಗೆ ತಿಳಿಸದೆ ಇರಲಾರೆ.

ಓಹಾಯೋದಿಂದ ನಮ್ಮ ಸಾಮಾನು ಜರ್ಮನಿಯ ಈ ಅಮೆರಿಕನ್ ಸೇನಾ ವಸತಿಗೆ ನಿನ್ನೆ ಬಂತು. ಮೊದಲ ಪೆಟ್ಟಿಗೆಯಲ್ಲೇ ನಿಮ್ಮ ಯಂತ್ರ. "ಇದು ನನ್ನ ಮಗ ವೆಂಡೆಲ್‌ಗೆ. ಆ ಹುಡುಗಿ ಮುಟ್ಟೋ ಹಾಗಿಲ್ಲ" ಅಂತ ನನ್ನನ್ನು ತೋರಿಸಿ ಎಲ್ಲರೆದುರು ಹೇಳಿದ್ದಿರಲ್ಲ? ಇಲ್ಲಿನ ಕರೆಂಟು ನಮ್ಮೂರಿನದರ ಎರಡರಷ್ಟು. ಅದನ್ನು ತಗ್ಗಿಸುವ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅಮೆರಿಕದ ಯಾವುದನ್ನೂ ಹಾಕಬೇಡವೆಂದು ಪಕ್ಕದ ಮನೆಯವಳು ಮೊದಲ ದಿನವೇ ಹೇಳಿದ್ದಳು. ಟ್ರಾನ್ಸ್‌ಫಾರ್ಮರ್ ನನ್ನ ಕಾಲ ಬಳಿಯೇ ಇತ್ತು. ನಾನು ಯಂತ್ರದ ವೈರನ್ನು ನೇರ ಗೋಡೆಯ ಸಾಕೆಟ್‌ಗೆ ಸಿಕ್ಕಿಸಿದೆ. ಯಂತ್ರ ಒಮ್ಮೆ ಕಿರುಚಿ, ಹೊಗೆ ಬಿಟ್ಟು ನಿಂತಿತು. ನನ್ನ ಹೊಟ್ಟೆ ತಣ್ಣಗಾಯಿತು.

ಮಧ್ಯಾಹ್ನ ಊಟಕ್ಕೆ ಬಂದ ನಿಮ್ಮ ಮಗ ಯಂತ್ರ ನೋಡಿದ, ಟ್ರಾನ್ಸ್‌ಫಾರ್ಮರ್ ನೋಡಿದ. "ನಮ್ಮಕ್ಕ ಫೋನಲ್ಲಿ ಕೇಳಿದ್ರೆ, ಇದು ಇನ್ನೂ ಬಂದಿಲ್ಲ ಅನ್ನು, ಮಾರ್ಲಾ" ಎಂದು ಪಾತ್ರೆ ಕಳಚಿ, ಯಂತ್ರವನ್ನು ಬೀರುವಿನ ಮೇಲೆ ಎತ್ತಿಟ್ಟ.

ನಿಮ್ಮೆದುರು ಒಮ್ಮೆಯೂ ನನ್ನ ಪರ ಬಾಯಿ ಬಿಡದವನು, ಅತ್ತೆ! ಗೆದ್ದೆ ಎಂದುಕೊಂಡೆ.

ಆಮೇಲೆ ಅವನು ಯಂತ್ರದ ಪಾತ್ರೆ ತೊಳೆದ. ಅದಕ್ಕೆ ನಾನು ಹಿಟ್ಟೇ ಹಾಕಿರಲಿಲ್ಲ. ಆದರೂ ತೊಳೆದ, ಒರೆಸಿದ, ಮತ್ತೆ ತೊಳೆದ. ಊಟಕ್ಕೆ ಕರೆದೆ. ನನಗೆ ಬೆನ್ನು ಹಾಕಿಯೇ ನಿಮ್ಮ ಪಾತ್ರೆಯನ್ನು ಮತ್ತೆ ನಲ್ಲಿಯಡಿ ಹಿಡಿದ.