ಟೈಲ್ಸಿನಡಿಯ ಚೌಕಾಬಾರ

ಅಕ್ಕಾ,

ನೀನು ಹೋದ ಮೇಲೆ ಚಾವಡಿಯ ಕಡೆ ಹೋಗಲು ಮನಸ್ಸೇ ಬಂದಿರಲಿಲ್ಲ. ಹದಿನೈದು ದಿನದ ಹಿಂದೆ ಹೋದೆ. ಹೋಗಬಾರದಿತ್ತೇನೋ. ಕಲ್ಲಿನ ಜಗಲಿಯ ತುಂಬ ಫಳಫಳ ಹೊಳೆಯುವ ಟೈಲ್ಸ್, ಕಂಬಕ್ಕೆ ನಿನ್ನ ಫೋಟೊ ಇರುವ ಫ್ಲೆಕ್ಸ್. ಹಳಬರು ಆ ಜಗಲಿಯಲ್ಲಿ ಕೊರೆದಿದ್ದ ಚೌಕಾಬಾರದ ಮನೆಗಳು ಎಲ್ಲಿ?

ನೆನಪಿದೆಯಾ, ದೊಡ್ಡನೆಕ್ಕುಂದಿಯ ದೊಡ್ಡವರೆಲ್ಲ ಸೇರಿ ಚಾವಡಿ ಕೆಡವಿ ಅಂಗಡಿ ಮಳಿಗೆ ಕಟ್ಟೋಣವೆಂದಾಗ ನಾನು ಕಚೇರಿಗಳಿಗೆ ಪತ್ರ ಬರೆಯುತ್ತ ಕೂತೆ. 'ಪರಂಪರೆ ಉಳಿಸಿ' ಎಂದು ಅಂಗಿಯ ಮೇಲೆ ಬರೆಸಿಕೊಂಡವರು ಬಂದು ಫೋಟೊ ತೆಗೆಸಿಕೊಂಡು ಹೋದರು. ನೀನು ಮಾತ್ರ ಕವಡೆ ತಂದು, ಹಿಂದೆ ಹೆಂಗಸರು ಹತ್ತಬಾರದಾಗಿದ್ದ ಅದೇ ಜಗಲಿಯ ಮೇಲೆ ಕೂತೆ. ಗಾರ್ಮೆಂಟ್ಸ್ ಬಿಟ್ಟು ಬರುವ ಹುಡುಗಿಯರನ್ನೂ ಬಾಡಿಗೆ ರೂಮಿನ ಹುಡುಗರನ್ನೂ ಕೂಗಿ ಕರೆದೆ: "ಬನ್ರೋ, ಸೋಲೋಕೆ ಯಾರ್ ಬರ್ತೀರಾ?" ರಾಯಚೂರು ಕಡೆಯ ಶರಣು, "ನಮ್ಮೂರ ಕಟ್ಟೀ ಮ್ಯಾಲೂ ಹಿಂಗ ಕೊರದಾರ್ರೀ ಅಜ್ಜಿ" ಅಂದಿದ್ದ. ಕೆಡವುವ ಯಂತ್ರ ಬಂದ ದಿನ ಆಟ ಬಿಟ್ಟೇಳದೆ ಕೂತು ಅದನ್ನು ಹಿಂದಕ್ಕೆ ಕಳಿಸಿದವರು ಆ ಹುಡುಗ ಹುಡುಗಿಯರೇ ಅಲ್ಲವೇ?

ಟೈಲ್ಸ್ ಹಾಕಿದವರೂ ಅವರೇ ಎಂದು ತಿಳಿದಾಗ ಬೀದಿಯಲ್ಲೇ ಕೂಗಾಡಿಬಿಟ್ಟೆ.

"ಅಜ್ಜಿ ಇಲ್ಲದ ಮ್ಯಾಲ ಯಾರ ಆಡ್ತಾರ್ರೀ? ಆಕಿ ನೆನಪಿಗೆ ಚಂದ ಕಾಣ್ಲಿ ಅಂತ ಹಾಕೀವಿ" ಅಂದ ಶರಣು.

"ಅವಳ ನೆನಪೇ ಅದರ ಅಡೀಲಿತ್ತು ಕಣೋ!"

ಅವನ ಕಣ್ಣು ತುಂಬಿದವು. "ಅಜ್ಜಿ ಆಡೋದು ಕಲಿಸಿದ್ಲು. ಕಲ್ಲು ಹೆಂಗ ಕಾಯಬೇಕಂತ ನಮಗ್ಯಾರು ಹೇಳ್ಯಾರ್ರೀ?"

ಇಷ್ಟು ಓದಿದ ನಾನೇ ಹೇಳಬೇಕಿತ್ತು ಅಕ್ಕಾ. ಹೇಳಬೇಕಾದ್ದನ್ನೆಲ್ಲ ಕಚೇರಿಗಳಿಗೆ ಬರೆದು...

ಹೋದ ಭಾನುವಾರ ಎಲ್ಲರೂ ಉಳಿ ಹಿಡಿದು ಕೂತೆವು. ಟೈಲ್ಸ್ ಎದ್ದವು, ಸಿಮೆಂಟು ಸುಲಭಕ್ಕೆ ಏಳಲಿಲ್ಲ. ಒಂದು ಮೂಲೆಯ ಮನೆ ಚಕ್ಕೆಯಾಗಿ ಕಿತ್ತೇ ಬಂತು. ಅದು ಇನ್ನು ಬಾರದು. ಗಾರ್ಮೆಂಟ್ಸಿನ ರೇಖಾ ನೂಲು ಕತ್ತರಿಸುವ ಸಣ್ಣ ಕತ್ತರಿಯ ತುದಿಯಿಂದ ಗೆರೆಗಳಲ್ಲಿ ಕೂತ ಸಿಮೆಂಟನ್ನು ಕೆರೆಯುತ್ತ, "ತಾತ, ಬೈಯೋದ್ ಬಿಟ್ಟು ಸ್ವಲ್ಪ ನೀರ್ ಹಾಕಿ" ಎಂದಳು. ಹಾಕಿದೆ.

ಕಾಯಿ ಹಣ್ಣಾಗುವ ನಡುಮನೆ ಇನ್ನೂ ಸಿಮೆಂಟಿನ ಕೆಳಗಿದೆ. ಅದು ಕಂಡ ದಿನ ನಿನ್ನ ಜಾಗದಲ್ಲಿ ಕೂತು ಮೊದಲ ಕವಡೆ ನಾನೇ ಹಾಕುತ್ತೇನೆ. ನನಗೆ ಆ ಆಟ ಬರುವುದಿಲ್ಲ, ನಿನಗೆ ಗೊತ್ತು. ಶರಣು ಕಲಿಸುತ್ತಾನಂತೆ.

ನಿನ್ನ ತಮ್ಮ